ಬಣ್ಣ ಹಚ್ಚುತ್ತ ಮಾತು ಬಿಚ್ಚುವ ಮಕ್ಕಳು

‘ನಿನಗೆ ತುಂಬಾ ಹೆದರಿಕೆ ಆಗಿದ್ದು ಯಾವಾಗ, ಹೇಳು ಪುಟ್ಟಾ’ ಎಂದು ನಾಲ್ಕು ವರ್ಷದ ಮಗುವನ್ನು ಕೇಳಿದರೆ ಸಿಗುವ ಉತ್ತರ ಒಂದೆರಡು ಮಾತಿನದು. ‘ನಾಯಿ ಬಂತು’ ಎಂದು ಸುಮ್ಮನಾಗುತ್ತದೆ. ಅದೇ ಮಗುವಿನ ಮುಂದೆ ಹಾಳೆ, ಕ್ರೇಯಾನ್ ಇಟ್ಟು ‘ಬರೀತಾ ಬರೀತಾ ಹೇಳು’ ಎಂದರೆ ಮಾತು ಬೇರೆಯೇ ದಾರಿ ಹಿಡಿಯುತ್ತದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಜೂಲಿಯನ್ ಗ್ರಾಸ್ ಮತ್ತು ಹಾರ್ಲೀನ್ ಹೇನ್ ಇದನ್ನು ಪರೀಕ್ಷಿಸಿ ನೋಡಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. 3ರಿಂದ 6 ವರ್ಷದ ಮಕ್ಕಳಿಗೆ ಖುಷಿ, ದುಃಖ, ಭಯ, ಸಿಟ್ಟು ತರಿಸಿದ ಘಟನೆಗಳನ್ನು ಹೇಳಲು ಕೇಳಿದ್ದರು. ಕೆಲವು ಮಕ್ಕಳು ಬರೀ ಬಾಯಲ್ಲಿ ಹೇಳಿದರು, ಇನ್ನು ಕೆಲವರು ಚಿತ್ರ ಬಿಡಿಸುತ್ತ ಹೇಳಿದರು. ಬಿಡಿಸುತ್ತ ಹೇಳಿದವರ ಮಾತಿನಲ್ಲಿ ಸಿಕ್ಕ ವಿವರ ಎರಡು ಪಟ್ಟಿಗೂ ಹೆಚ್ಚು.

ಕಾರಣ ಊಹಿಸುವುದು ಕಷ್ಟವಲ್ಲ. ಚಿತ್ರ ಬಿಡಿಸುವಾಗ ಮಗು ದೊಡ್ಡವರ ಮುಖ ನೋಡುತ್ತ ಉತ್ತರ ಕೊಡಬೇಕಿಲ್ಲ. ಕೈಗೆ ಕೆಲಸವಿದೆ, ಅವಸರವಿಲ್ಲ. ನಾಯಿಗೆ ಬಾಲ ಎಳೆದಾಗ ಗೇಟು ನೆನಪಾಗುತ್ತದೆ, ಗೇಟು ಬಂದ ಮೇಲೆ ಅಲ್ಲಿ ಅಜ್ಜಿ ನಿಂತಿದ್ದದ್ದು ನೆನಪಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಹೆಚ್ಚಿನ ವಿವರ ಸಿಕ್ಕಿದ್ದು ಮಗುವಿನ ಮಾತಿನಿಂದ, ಚಿತ್ರಕ್ಕೆ ದೊಡ್ಡವರು ಹಚ್ಚಿದ ಅರ್ಥದಿಂದಲ್ಲ. ಕಪ್ಪು ಬಳಿದರೆ ದುಃಖ, ಕೆಂಪು ಬಳಿದರೆ ಸಿಟ್ಟು ಎಂದು ಕೋಷ್ಟಕ ಹಿಡಿದು ಮಗುವಿನ ಮನಸ್ಸು ಓದುವ ಅಭ್ಯಾಸ ಈಚೆಗೆ ಹೆಚ್ಚುತ್ತಿದೆ. ಅದನ್ನು ನಂಬಬಾರದು. ನಾಲ್ಕು ವರ್ಷದ ಮಗು ಕಪ್ಪು ಆರಿಸುವುದು ಅದು ಹಾಳೆಯ ಮೇಲೆ ಚೆನ್ನಾಗಿ ಎದ್ದು ಕಾಣುತ್ತದೆಂದೋ, ಡಬ್ಬಿಯಲ್ಲಿ ಮುರಿಯದೆ ಉಳಿದ ಕಡ್ಡಿ ಅದೊಂದೇ ಎಂದೋ ಆಗಿರಬಹುದು. ಮಕ್ಕಳ ಚಿತ್ರಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆಳವಣಿಗೆಯ ಹಂತಗಳನ್ನು ಗುರುತಿಸಿದ್ದಾರೆ. ಸುಮಾರು 2ರಿಂದ 4 ವರ್ಷದವರೆಗೆ ಗೀಚಾಟದ ಕಾಲ. ನಂತರ 7ರವರೆಗೆ ತಲೆಯಿಂದಲೇ ಕಾಲು ಹೊರಟ ಮನುಷ್ಯರು, ನೇರಳೆ ಹಸು, ಹಸಿರು ಅಮ್ಮ. ಆ ವಯಸ್ಸಿನಲ್ಲಿ ವಸ್ತುವಿನ ಬಣ್ಣಕ್ಕೂ ಹಚ್ಚುವ ಬಣ್ಣಕ್ಕೂ ಹೊಂದಿಕೆ ಇರಲೇಬೇಕೆಂದಿಲ್ಲ. ಅದು ತಪ್ಪೂ ಅಲ್ಲ, ರೋಗಲಕ್ಷಣವೂ ಅಲ್ಲ.

ಮಕ್ಕಳ ಮನಸ್ಸಿಗೂ ಬಣ್ಣಕ್ಕೂ ಇರುವ ನಂಟನ್ನು ಅತ್ಯಂತ ಕಠಿಣ ಸ್ಥಿತಿಯಲ್ಲಿ ತೋರಿಸಿಕೊಟ್ಟ ಹೆಣ್ಣುಮಗಳೊಬ್ಬರಿದ್ದರು. ಹೆಸರು ಫ್ರೀಡ್ಲ್ ಡಿಕರ್-ಬ್ರಾಂಡೈಸ್. 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರು. ತಂದೆ ಕಾಗದ, ಪೆನ್ಸಿಲ್ ಮಾರುವ ಅಂಗಡಿಯಲ್ಲಿ ನೌಕರ. ಮುಂದೆ ಫ್ರೀಡ್ಲ್ ಜರ್ಮನಿಯ ಪ್ರಸಿದ್ಧ ಬೌಹೌಸ್ ಕಲಾಶಾಲೆಯಲ್ಲಿ ಕಲಿತು, ಪ್ರಾಗ್‌ನಲ್ಲಿ ನಿರಾಶ್ರಿತರ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟರು. 1942ರ ಡಿಸೆಂಬರ್‌ನಲ್ಲಿ ನಾಜಿಗಳು ಅವರನ್ನು ಗಂಡನೊಂದಿಗೆ ತೆರೆಜಿನ್ ಎಂಬ ಯಹೂದಿಗಳ ಬಂದೀಖಾನೆಗೆ ಸಾಗಿಸಿದರು. ಒಬ್ಬೊಬ್ಬರಿಗೆ 50 ಕಿಲೊ ಸಾಮಾನು ಒಯ್ಯಲು ಅವಕಾಶವಿತ್ತು. ಅದರಲ್ಲಿ ಅವರು ಚಿತ್ರ ಬಿಡಿಸುವ ಸಾಮಗ್ರಿಯನ್ನು ತುಂಬಿಕೊಂಡರು.

ತೆರೆಜಿನ್‌ನಲ್ಲಿ ಮಕ್ಕಳನ್ನು ಹೆತ್ತವರಿಂದ ಬೇರೆ ಮಾಡಿ, ಕಿಕ್ಕಿರಿದ ಕೋಣೆಗಳಲ್ಲಿ ಇಟ್ಟಿದ್ದರು. ಹಸಿವು, ಕಾಯಿಲೆ ದಿನದ ಮಾತು. ಇಂದು ಪಕ್ಕದಲ್ಲಿ ಮಲಗಿದ್ದ ಗೆಳತಿ ನಾಳೆಯ ರೈಲಿಗೆ ಹೋಗಿರುತ್ತಿದ್ದಳು. ಅಂಥ ಕಡೆ ಫ್ರೀಡ್ಲ್ ತರಗತಿ ನಡೆಸಿದರು. ಕಾಗದ ತೀರಿದಾಗ ಕಚೇರಿಯ ಹಳೆಯ ನಮೂನೆಗಳ ಹಿಂಬದಿ, ಪೊಟ್ಟಣ ಕಟ್ಟಿದ ಕಾಗದ ಬಳಕೆಗೆ ಬಂತು. ಬಣ್ಣ ಸಾಲದಿದ್ದಾಗ ಆ ಕಾಗದಗಳನ್ನೇ ಕತ್ತರಿಸಿ ಅಂಟಿಸಿದರು. ಅವರು ಹೇಳುವ ಲಯಕ್ಕೆ ಮಕ್ಕಳು ಕೈಬೀಸಿ ಗೆರೆ ಎಳೆಯಬೇಕಿತ್ತು; ಬಿಗಿದುಕೊಂಡ ಮೈ ಮೊದಲು ಸಡಿಲಾಗಲಿ ಎಂಬುದು ಅದರ ಉದ್ದೇಶ. ಪ್ರತಿ ಚಿತ್ರಕ್ಕೂ ಮಗು ತನ್ನ ಹೆಸರು ಬರೆಯಬೇಕು ಎಂಬುದು ಅವರ ನಿಯಮ. ಸಾಗಣೆಯ ಪಟ್ಟಿಯಲ್ಲಿ ಬರೀ ಸಂಖ್ಯೆಯಾಗಿದ್ದ ಮಕ್ಕಳಿಗೆ ಆ ಸಹಿ ಎಷ್ಟು ದೊಡ್ಡದಾಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಎಲ್ಲರನ್ನೂ ಕಲಾವಿದರನ್ನಾಗಿ ಮಾಡುವುದು ತಮ್ಮ ಗುರಿಯಲ್ಲ, ಮಕ್ಕಳೊಳಗಿನ ಸ್ವತಂತ್ರ ಶಕ್ತಿಯನ್ನು ಎಚ್ಚರಿಸುವುದು ಗುರಿ ಎಂದು ಅವರು ಅಲ್ಲಿಯೇ ಬರೆದಿಟ್ಟಿದ್ದಾರೆ.

1944ರ ಅಕ್ಟೋಬರ್‌ನಲ್ಲಿ ಫ್ರೀಡ್ಲ್ ಅವರನ್ನು ಆಶ್ವಿಟ್ಜ್‌ಗೆ ಒಯ್ದು ಕೊಂದರು. ಹೊರಡುವ ಮುನ್ನ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಅಡಗಿಸಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವು ಪ್ರಾಗ್ ತಲುಪಿದವು. ಈಗ ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಬಿಡಿಸಿದ ಮಕ್ಕಳಲ್ಲಿ ಬಹುಪಾಲು ಉಳಿಯಲಿಲ್ಲ. ಪ್ರಾಗ್‌ನಲ್ಲಿ ಫ್ರೀಡ್ಲ್ ಅವರ ಶಿಷ್ಯೆಯಾಗಿದ್ದ ಎಡಿತ್ ಕ್ರಾಮರ್ ಯುದ್ಧಕ್ಕೆ ಮುಂಚೆಯೇ ಅಮೆರಿಕ ಸೇರಿ, ಇಂದು ಕಲಾ ಚಿಕಿತ್ಸೆ ಎನ್ನುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು.

ಆ ಚಿತ್ರಗಳಲ್ಲಿ ಬಂದೀಖಾನೆಯ ದೃಶ್ಯಗಳೂ ಇವೆ. ಆದರೆ ಹೂದಾನಿ, ಚಿಟ್ಟೆ, ಮನೆ, ಹಬ್ಬದ ಊಟದ ಮೇಜು ಕೂಡ ಧಾರಾಳವಾಗಿವೆ. ನೋವನ್ನು ಮಾತ್ರ ಬಿಡಿಸಿ ಎಂದು ಫ್ರೀಡ್ಲ್ ಒತ್ತಾಯಿಸಲಿಲ್ಲ. ಅದು ಸರಿಯಾದ ದಾರಿಯೇ ಎಂಬುದಕ್ಕೆ ಎಷ್ಟೋ ವರ್ಷಗಳ ನಂತರ ಬೆಂಬಲ ಸಿಕ್ಕಿತು. ಅಮೆರಿಕದ ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6ರಿಂದ 12 ವರ್ಷದ ಮಕ್ಕಳಿಗೆ ನಿರಾಸೆ ತಂದ ಘಟನೆಯೊಂದನ್ನು ನೆನೆಯಲು ಹೇಳಿ, ಆಮೇಲೆ ಚಿತ್ರ ಬಿಡಿಸಲು ಕೊಟ್ಟರು. ಆ ಬೇಸರವನ್ನೇ ಬಿಡಿಸಿದವರಿಗಿಂತ, ಅದಕ್ಕೆ ಸಂಬಂಧವಿಲ್ಲದ್ದನ್ನು ಬಿಡಿಸಿದ ಮಕ್ಕಳ ಮನಸ್ಸು ಹೆಚ್ಚು ಹಗುರಾಗಿತ್ತು. ತಮ್ಮನ ಮೇಲೆ ಸಿಟ್ಟುಗೊಂಡ ಮಗು ಆನೆ ಬಿಡಿಸುತ್ತ ಕುಳಿತರೆ ‘ನಿನ್ನ ಸಿಟ್ಟನ್ನು ಬಿಡಿಸು’ ಎಂದು ಅಡ್ಡ ಹೋಗುವ ಅಗತ್ಯವಿಲ್ಲ. ಆನೆಯೇ ಆ ಹೊತ್ತಿಗೆ ಬೇಕಾದದ್ದು.

ನಮ್ಮ ಶಾಲೆಗಳ ಡ್ರಾಯಿಂಗ್ ಪುಸ್ತಕ ತೆರೆದರೆ ಎದುರಾಗುವುದು ಎರಡು ಗುಡ್ಡ, ನಡುವೆ ಸೂರ್ಯ, ಇಳಿದು ಬರುವ ಹೊಳೆ, ದಡದಲ್ಲಿ ಗುಡಿಸಲು, ತೆಂಗಿನಮರ. ಬೀದರಿನ ಮಗುವೂ ಅದನ್ನೇ ಬಿಡಿಸುತ್ತದೆ, ಕಾರವಾರದ ಮಗುವೂ ಅದನ್ನೇ. ಯಾರೋ ಹಲಗೆಯ ಮೇಲೆ ಹಾಕಿದ್ದನ್ನು ನಕಲಿಳಿಸುವುದರಲ್ಲಿ ಮಗುವಿನ ಮನಸ್ಸಿಗೆ ಜಾಗವೆಲ್ಲಿದೆ? ಗೆರೆಯೊಳಗೆ ಬಣ್ಣ ತುಂಬುವ ಪುಸ್ತಕ ಕೈ ಪಳಗಲು ಸರಿ, ಭಾವನೆ ಹೊರಬರಲು ಖಾಲಿ ಹಾಳೆಯೇ ಬೇಕು. ಅದಕ್ಕೆ ಖರ್ಚೂ ಕಡಿಮೆ. ಲಗ್ನಪತ್ರಿಕೆಯ, ಹಳೆ ಕ್ಯಾಲೆಂಡರಿನ ಹಿಂಬದಿ ಸಾಕು. ಇದ್ದಿಲು, ಕೆಮ್ಮಣ್ಣು, ಅರಿಶಿನ ಮನೆಯಲ್ಲೇ ಇವೆ. ಹಿತ್ತಲಲ್ಲಿ ಬಸಳೆ ಹಣ್ಣಾಗಿದ್ದರೆ ಹಿಚುಕಿದ ಕೂಡಲೇ ಗಾಢ ನೇರಳೆ ರಸ ಬೆರಳಿಗೆ ಹತ್ತುತ್ತದೆ. ಹಾಗೆಯೇ ಹಾಳೆಗೆ ಒತ್ತಿದರೆ ಆಯಿತು. ಐದರೊಳಗಿನ ಮಕ್ಕಳಿಗೆ ಕುಂಚಕ್ಕಿಂತ ಬೆರಳೇ ಅನುಕೂಲ.

ಚಿತ್ರ ಮುಗಿದಾಗ ‘ಇದೇನಿದು?’ ಎಂದು ಕೇಳಿದರೆ ಮಗು ಪರೀಕ್ಷೆಗೆ ಕುಳಿತಂತೆ ಗಾಬರಿಯಾಗುತ್ತದೆ. ‘ಇಲ್ಲಿ ಏನಾಗ್ತಿದೆ, ಹೇಳ್ತೀಯಾ?’ ಎಂದರೆ ಸಾಕು. ಹೇಳಲಿಲ್ಲವೇ, ಬಿಟ್ಟುಬಿಡಬೇಕು. ‘ಈ ಮೂಲೆಗೆ ತುಂಬಾ ಒತ್ತಿ ಹಚ್ಚಿದ್ದೀಯಲ್ಲ’ ಎಂದು ಕಂಡದ್ದನ್ನು ಹೇಳಿದರೂ ಎಷ್ಟೋ ಸಲ ಮಾತು ತಾನಾಗಿ ಬರುತ್ತದೆ. ಒಂದು ಚಿತ್ರ ನೋಡಿ ಹೆದರುವುದು ಬೇಡ. ಆದರೆ ಒಂದೇ ಭಯದ ದೃಶ್ಯ ವಾರಗಟ್ಟಲೆ ಮರಳಿ ಬರುತ್ತಿದ್ದು, ಜೊತೆಗೆ ನಿದ್ದೆ, ಊಟ, ಆಟದಲ್ಲೂ ಬದಲಾವಣೆ ಕಂಡರೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ.

ಶಾಲೆಗಳಿಗೂ ಹೆತ್ತವರಿಗೂ ಒಂದು ವಿನಂತಿ. ಅಂಗನವಾಡಿಯಿಂದ ಎರಡನೆಯ ತರಗತಿಯವರೆಗಾದರೂ ಮಕ್ಕಳ ಚಿತ್ರಕ್ಕೆ ಅಂಕ, ಸ್ಪರ್ಧೆ, ಮೊದಲ ಬಹುಮಾನ ಇವು ಯಾವುವೂ ಬೇಡ. ದಿನಕ್ಕೆ ಅರ್ಧ ಗಂಟೆ, ಒಂದು ಖಾಲಿ ಹಾಳೆ, ಪಕ್ಕದಲ್ಲಿ ಮೊಬೈಲ್ ಬದಿಗಿಟ್ಟು ಕುಳಿತ ದೊಡ್ಡವರೊಬ್ಬರು, ಇಷ್ಟನ್ನು ಒದಗಿಸಿಕೊಡಿ.