ಕಪ್ಪು ನಾಲ್ಕರ ಕಂಠ ಮತ್ತು ಬೆಳ್ಳಿತೆರೆ

ಹತ್ತಿಯ ಗಿರಣಿಗಳಿಂದ ಹೆಸರಾಂತ ದಾವಣಗೆರೆಯು, ಹಗಲೆಲ್ಲ ನೂಲಿನ ನಡುವೆ ದುಡಿದ ಕಾರ್ಮಿಕರಿಗೂ, ಪೇಟೆಯ ಕೆಲಸಕ್ಕೆಂದು ಬಂದು ಇರುಳನ್ನು ಊರಿನಲ್ಲೇ ಕಳೆಯುತ್ತಿದ್ದ ರೈತರಿಗೂ ರಂಗಸಂಗೀತದ ರುಚಿ ಹತ್ತಿಸಿದ ಪಟ್ಟಣವೂ ಹೌದೆಂಬುದನ್ನು, ಸರಸ್ವತಿ ನಗರದಂತಹ ಬಡಾವಣೆಗಳಲ್ಲಿ ಇಂದು ಬೆಳೆಯುತ್ತಿರುವ ತರುಣರಿಗೆ ಒಮ್ಮೆ ನೆನಪು ಮಾಡಿಕೊಡುವುದು ಉಚಿತವೆಂದು ನಾನು ಭಾವಿಸುತ್ತೇನೆ. ಈ ಊರಿನ ಚಿಂದೋಡಿ ಮನೆತನವು ನಡೆಸಿಕೊಂಡು ಬಂದ ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿ, ಅಂದರೆ ಜನರ ಬಾಯಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿ, ಮಧ್ಯ ಕರ್ನಾಟಕಕ್ಕೂ ಉತ್ತರ ಕರ್ನಾಟಕಕ್ಕೂ ಸಮಾನವಾಗಿ ಬೇಕಾದ ಸಂಸ್ಥೆಯಾಗಿತ್ತು. ಅದರ ಅಂಗಳದಲ್ಲಿ ಬೆಳೆದು, ಅದಕ್ಕೆ ಒಡತಿಯೂ ನಾಯಕಿಯೂ ಆಗಿ ನಿಂತವರು ಚಿಂದೋಡಿ ಲೀಲಾ.

ಕಂಪನಿ ನಾಟಕವೆಂಬುದು ಮೂಲತಃ ಹಾಡಿನ ಕಲೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದಮೇಲೆ, ಆ ಗಾನದ ಗುಂಗು ಕನ್ನಡದ ಮಂಡಳಿಗಳನ್ನೂ ಆವರಿಸಿತು. ರಂಗದ ಮುಂಭಾಗದಲ್ಲಿ, ಪ್ರೇಕ್ಷಕರಿಗೆ ಬೆನ್ನು ಕೊಟ್ಟು ಕುಳಿತ ಪೇಟಿ (ಹಾರ್ಮೋನಿಯಂ) ಮಾಸ್ತರರು ಕಾಲಿನಿಂದ ತಿದಿ ಒತ್ತುತ್ತ, ಎರಡೂ ಕೈಗಳನ್ನು ಮನೆಗಳ ಮೇಲೆ ಹರಿಯಬಿಟ್ಟು, ಕಪ್ಪು ನಾಲ್ಕರ, ಅಂದರೆ ಪೇಟಿಯ ನಾಲ್ಕನೆಯ ಕಪ್ಪು ಮನೆಯ, ಎತ್ತರದ ಶ್ರುತಿಯನ್ನು ಹಿಡಿದು ಕೊಟ್ಟರೆಂದರೆ, ಪಾತ್ರಧಾರಿಯು ಒಳಪರದೆಯ ಮರೆಯಲ್ಲಿಯೇ ಆಲಾಪವನ್ನೆತ್ತಿ, ಅದು ತಗಡಿನ ಚಪ್ಪರದ ಕಟ್ಟಕಡೆಯಲ್ಲಿ ನೆಲಕ್ಕೆ ಕುಳಿತವನ ಕಿವಿಯನ್ನು ಮುಟ್ಟಿದ ಬಳಿಕವೇ ಬೆಳಕಿಗೆ ಕಾಲಿಡುತ್ತಿದ್ದನು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕಂಠವೇ ನಟನ ಆಸ್ತಿ. ‘ಒನ್ಸ್ ಮೋರ್’ ಎಂಬ ಕೂಗೆದ್ದರೆ ಕಥೆಯು ಅಲ್ಲಿಗೇ ನಿಲ್ಲಬೇಕು. ರಾಜನಾಗಲಿ ಋಷಿಯಾಗಲಿ ಮತ್ತೊಮ್ಮೆ ಹಾಡಲೇಬೇಕು. ವಿಮರ್ಶಕರು ಇದನ್ನು ರಸಭಂಗವೆಂದು ಹಳಿದದ್ದುಂಟು. ನಾನು ಅದನ್ನು ಒಪ್ಪಲಾರೆ, ಏಕೆಂದರೆ ಅಲ್ಲಿ ನೆರೆದವರು ಬಯಸಿ ಬಂದ ರಸವೇ ಅದಾಗಿತ್ತು.

ಇಂತಹ ಗಾಯಕನಟರನ್ನೇ ಮಾತಿನ ಚಿತ್ರವು ಮೊದಲು ತನ್ನೆಡೆಗೆ ಸೆಳೆದುಕೊಂಡಿತು. 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ದ ಸುಬ್ಬಯ್ಯ ನಾಯ್ಡು ಅವರೂ ಆರ್. ನಾಗೇಂದ್ರರಾಯರೂ ನಾಟಕ ಮಂಡಳಿಯಿಂದ ಬಂದವರೇ. ಲೋಕದ ಇತರೆಡೆಗಳಲ್ಲಿಯೂ ಇದೇ ವೃತ್ತಾಂತ: ಸ್ವೀಡನ್ನಿನಲ್ಲಿ ಆಪೆರೆಟಾ ಎಂಬ ಲಘು ಗೀತನಾಟಕದಿಂದ ಪ್ರಸಿದ್ಧಳಾದ ಸಾರಾ ಲಿಯಾಂಡರ್, 1936ರಲ್ಲಿ ವಿಯೆನ್ನಾದ ರಂಗದಲ್ಲಿ ಹಾಡಿ ಗೆದ್ದು, ಮರುವರ್ಷವೇ ಜರ್ಮನ್ ಚಲಚ್ಚಿತ್ರಗಳ ನಾಯಕಿಯಾದಳು. ಆದರೆ ಆಕೆಯ ಕಂಠವು ತೆರೆಯ ಮೇಲೆಯೂ ಆಕೆಯದೇ ಆಗಿ ಉಳಿಯಿತು; ನಮ್ಮಲ್ಲಿ ಹಾಗಾಗಲಿಲ್ಲ. ಹಿನ್ನೆಲೆ ಗಾಯನವು ಬೇರೂರಿದೊಡನೆ ನಟನ ಮುಖಕ್ಕೆ ಒಬ್ಬರು, ಹಾಡಿಗೆ ಮತ್ತೊಬ್ಬರು ಎಂಬ ವಿಭಾಗವಾಯಿತು. ತಲೆಮಾರುಗಳ ಸಾಧನೆಯಿಂದ ಗಳಿಸಿದ ಆ ಎತ್ತರದ ಶ್ರುತಿಯು, ತುಟಿಯ ಬಳಿಯೇ ಮೈಕು ಇರುವ ಸ್ಟುಡಿಯೋದಲ್ಲಿ ನಿರುಪಯುಕ್ತವಾಯಿತು. ಗುಬ್ಬಿ ಕಂಪನಿಯಲ್ಲಿ ಹಾಡಿ ಪಳಗಿದ ರಾಜಕುಮಾರರು, ಅಪರೂಪಕ್ಕೆ ಹಾಡಿದ್ದನ್ನುಳಿದರೆ, ಎರಡು ದಶಕಗಳ ಕಾಲ ಪಿ.ಬಿ. ಶ್ರೀನಿವಾಸರ ಕಂಠಕ್ಕೆ ತುಟಿಯಾಡಿಸಿದರು. ಅವರಿಗೆ ತಮ್ಮ ದನಿ ಮರಳಿ ದೊರೆತದ್ದು 1974ರ ‘ಸಂಪತ್ತಿಗೆ ಸವಾಲ್’ನಲ್ಲಿ, ಆ ಚಿತ್ರದ ಕಥೆಯು ಪಿ.ಬಿ. ಧುತ್ತರಗಿಯವರು ಬರೆದ ಕಂಪನಿ ನಾಟಕವೇ ಆಗಿತ್ತೆಂಬುದು ನನ್ನ ಮನಸ್ಸಿಗೆ ಬಹಳ ಹಿಡಿಸಿದ ಸಂಗತಿ.

ಲೀಲಾ ಅವರ ಚಿತ್ರಜೀವನವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಎಳವೆಯಲ್ಲೇ ಬಣ್ಣ ಹಚ್ಚಿದ ಅವರು 1961ರ ‘ಕಿತ್ತೂರು ಚೆನ್ನಮ್ಮ’ದಲ್ಲಿಯೂ, ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ 1971ರಲ್ಲಿ ತೆರೆಗೆ ತಂದ ‘ಶರಪಂಜರ’ದಲ್ಲಿಯೂ ಪಾತ್ರವಹಿಸಿದರು. ಚಿತ್ರರಂಗವು ಅವರಿಗೆ ಕೊಟ್ಟದ್ದು ಪೋಷಕ ಪಾತ್ರಗಳ ಎಡೆ. ರಂಗದ ಮೇಲಾದರೋ, ‘ಪೊಲೀಸನ ಮಗಳು’ ನಾಟಕಕ್ಕೆ ಜನರು ಮುಗಿಬೀಳುತ್ತಿದ್ದುದೇ ಲೀಲಮ್ಮನವರನ್ನು ಕಾಣಲೆಂದು. ತೆರೆಯು ಅವರ ಸಾಮರ್ಥ್ಯವನ್ನು ಸಂಪೂರ್ಣವಾಗಿ ಬಳಸಿಕೊಳ್ಳಲಿಲ್ಲವೆಂದೇ ನನ್ನ ಖಚಿತ ಅಭಿಪ್ರಾಯ.

ಕಂಪನಿಯ ಒಡೆತನವೆಂದರೆ ಕಿರೀಟವಲ್ಲ, ಹೊರೆ. ಒಂದೂರಿನ ಕ್ಯಾಂಪು ಮುಗಿಯುತ್ತಲೇ ಗುಜ್ಜು, ತಗಡು, ಪರದೆ, ಕುರ್ಚಿಗಳನ್ನೆಲ್ಲ ಲಾರಿಗೆ ಹೇರಿ ಮುಂದಿನ ಜಾತ್ರೆಯ ಮೈದಾನಕ್ಕೆ ಸಾಗಿಸಬೇಕು. ಮಳೆ ಹಿಡಿದು ಕಲೆಕ್ಷನ್ ಬಿದ್ದುಹೋದ ದಿನವೂ ಕಂಪನಿಯ ಮನೆಯ ಒಲೆ ಉರಿಯಬೇಕು. ಮುಂಗಡ ಪಡೆದ ನಟನು ಬೇರೆ ಕಂಪನಿಗೆ ಹೋದರೆ ಅಂದಿನ ಪಾತ್ರಕ್ಕೆ ಅಂದೇ ಜನವನ್ನು ಹೊಂದಿಸಬೇಕು. ಚಲಚ್ಚಿತ್ರವೂ ಬಳಿಕ ದೂರದರ್ಶನವೂ ಒಂದೊಂದೇ ಚಪ್ಪರವನ್ನು ಬರಿದು ಮಾಡುತ್ತಿದ್ದ ದಿನಗಳಲ್ಲಿ ಈ ಹೊರೆಯನ್ನು ಒಬ್ಬ ಮಹಿಳೆ ಹೊತ್ತು ನಡೆದರೆಂಬುದನ್ನು ನೆನೆದರೆ, 1988ರಲ್ಲಿ ಬಂದ ಪದ್ಮಶ್ರೀಯಾಗಲಿ, ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷ ಪದವಿಯಾಗಲಿ ಅವರಿಗೆ ಸಲ್ಲಬೇಕಾದ ಗೌರವವೇ ಸಂದಿತೆಂದು ಹೇಳಬೇಕು. ಅವರು 2010ರ ಜನವರಿಯಲ್ಲಿ ತೀರಿಕೊಂಡರು.

ಇದೇ ಮನೆತನದ ಚಿಂದೋಡಿ ಬಂಗಾರೇಶ್ ಅವರು ನಿರ್ದೇಶಿಸಿದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ 1995ರಲ್ಲಿ ಬಂದಿತು. ಅಂಧರಾಗಿದ್ದೂ ನೂರಾರು ಅನಾಥ ಬಾಲಕರಿಗೆ ಸಂಗೀತದ ಕಣ್ಣು ಕೊಟ್ಟ ಗವಾಯಿಗಳ ಆಶ್ರಮವೂ ಗದುಗಿನಿಂದ ನಾಟಕ ಕಂಪನಿಯನ್ನು ನಡೆಸಿತ್ತು. ನಾಟಕದವರು ಚಿತ್ರ ಮಾಡಹೊರಟಾಗ ಹಾಡುಗಾರನ ಬಾಳನ್ನೇ ಆರಿಸಿಕೊಂಡದ್ದು ಸಹಜವೇ. ಆ ಚಿತ್ರದ ಸಂಗೀತಕ್ಕಾಗಿ ಹಂಸಲೇಖರಿಗೂ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿಗಳು ಲಭಿಸಿದವು.

ಈಗ ದಾವಣಗೆರೆಗೂ ಹರಿಹರಕ್ಕೂ ಸಮೀಪದ ಕೊಂಡಜ್ಜಿಯಲ್ಲಿ ವೃತ್ತಿ ರಂಗಭೂಮಿಗೆಂದೇ ಸರ್ಕಾರದ ರಂಗಾಯಣವಿದೆ. ಕಾಲುಪೇಟಿಯನ್ನು ಬಲ್ಲ ಹಿರಿಯ ಮಾಸ್ತರರು ಇನ್ನೂ ನಮ್ಮೊಡನಿರುವಾಗಲೇ ಅವರನ್ನು ಅಲ್ಲಿಗೆ ಕರೆಸಿ, ಹದಿಹರೆಯದ ಹುಡುಗ ಹುಡುಗಿಯರಿಗೆ ಮೈಕಿಲ್ಲದೆ ಹಾಡುವುದನ್ನು ಮೊದಲ ಪಾಠವಾಗಿ ಕಲಿಸಬೇಕು. ಸಂಬಳದ ಖರ್ಚಿಗೆ ಅನುದಾನವನ್ನು ಕೇಳುವ ಕೆಲಸದಲ್ಲಿ ಊರಿನ ವರ್ತಕರೂ ಶಾಸಕರೂ ದನಿಗೂಡಿಸಬೇಕು.