ಎರ್ಫುರ್ಟ್‌ನ ಗೋಡೆಯಡಿಯ ಮದುವೆಯುಂಗುರ

ಜರ್ಮನಿಯ ಎರ್ಫುರ್ಟ್ ನಗರದ ಮಿಖಾಯೆಲಿಸ್ ಬೀದಿಯಲ್ಲಿ 1998ರಲ್ಲಿ ಹೊಸ ಕಟ್ಟಡ ಏಳುವುದಿತ್ತು. ಅದಕ್ಕೂ ಮೊದಲು ಪುರಾತತ್ವ ತಜ್ಞರು ಜಾಗ ಅಗೆದು ನೋಡುತ್ತಿದ್ದರು. ಹಳೆಯ ಮನೆಯೊಂದರ ನೆಲಮಾಳಿಗೆಗೆ ಇಳಿಯುವ ದಾರಿಯ ಗೋಡೆಯಡಿಯಲ್ಲಿ ಸಿಕ್ಕಿತು ನಿಧಿ: 3,141 ಬೆಳ್ಳಿ ನಾಣ್ಯ, 14 ಬೆಳ್ಳಿ ಗಟ್ಟಿ, 700ಕ್ಕೂ ಮಿಕ್ಕ ಒಡವೆ-ವಸ್ತು. ಒಟ್ಟು ತೂಕ ಸುಮಾರು 28 ಕಿಲೋ.

ನಾಣ್ಯಗಳಲ್ಲಿ ಹೆಚ್ಚಿನವು ಫ್ರಾನ್ಸ್ ದೇಶದವು. ಒಡವೆಗಳಲ್ಲಿ ಎದೆಗೆ ಚುಚ್ಚಿಕೊಳ್ಳುವ ಪದಕ, ಉಂಗುರ, ಸೊಂಟಪಟ್ಟಿಯ ತುಣುಕು ಎಲ್ಲವೂ ಇದ್ದವು. ಆದರೆ ಹೆಚ್ಚಿನವು ಬಟ್ಟೆಗೆ ಹೊಲಿಯುವ ಪುಟ್ಟ ಬೆಳ್ಳಿ ಬಿಲ್ಲೆಗಳು. ಒಂದರೊಳಗೊಂದು ಕೂರುವ ಬೆಳ್ಳಿ ಬಟ್ಟಲುಗಳ ಜೋಡಣೆಯೂ ಇತ್ತು. ಇಷ್ಟು ಬಗೆಯ ಸರಕು ಒಂದೇ ಮನೆಯಲ್ಲಿ ಕೂಡಿದ್ದು ಹೇಗೆ? ಆ ಮನೆ ಕಾಲ್ಮನ್ ಫಾನ್ ವೀಹೆ ಎಂಬ ಯೆಹೂದಿ ಲೇವಾದೇವಿಗಾರನದಾಗಿತ್ತು, ನಿಧಿಯೂ ಅವನದೇ ಎಂಬುದು ವಿದ್ವಾಂಸರ ಊಹೆ. ಸಾಲ ಕೊಡುವವನ ಮನೆಯಲ್ಲಿ ಸ್ವಂತದ ಒಡವೆಯ ಜೊತೆ ಒತ್ತೆಯಿಟ್ಟದ್ದೂ ಇರುವುದು ಸಹಜ.

ನಿಧಿಯನ್ನು ಹೂತಿಡಬೇಕಾಗಿ ಬಂದ ಕಾರಣ ಮಾತ್ರ ಘೋರವಾದದ್ದು. 1340ರ ದಶಕದ ಕೊನೆಗೆ ಪ್ಲೇಗ್ ಮಾರಿ ಯುರೋಪನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಬಾವಿಗಳಿಗೆ ವಿಷ ಬೆರೆಸಿದವರು ಯೆಹೂದಿಗಳೇ ಎಂಬ ಸುಳ್ಳು ಊರಿಂದೂರಿಗೆ ಹಬ್ಬಿತು. 1349ರ ಮಾರ್ಚ್ 21ರಂದು ಎರ್ಫುರ್ಟ್‌ನ ಯೆಹೂದಿ ಸಮುದಾಯವನ್ನೇ ಕೊಂದುಹಾಕಲಾಯಿತು. ಗಂಡಾಂತರ ಕಳೆದ ಮೇಲೆ ಬಂದು ಅಗೆದುಕೊಳ್ಳುವೆ ಎಂದುಕೊಂಡವನು ತಾನೆ ಹೀಗೆ ಹೂತಿಡುವುದು? ಅಗೆಯಲು ಯಾರೂ ಬರಲಿಲ್ಲ.

ಈ ರಾಶಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಬಂಗಾರದ ಮದುವೆಯುಂಗುರ. ರೆಕ್ಕೆಯುಳ್ಳ ಎರಡು ಡ್ರ್ಯಾಗನ್‌ಗಳು ಬಾಗಿ ಅದರ ಬಳೆಯಾಗಿವೆ. ಕೆಳಗೆ ಒಂದನ್ನೊಂದು ಹಿಡಿದ ಎರಡು ಕೈ. ಮೇಲೆ ಕಮಾನುಗಳ ಪುಟಾಣಿ ಮಂಟಪ, ಅದರ ಚೂಪು ಚಾವಣಿಯ ಮೇಲೆ ಹೀಬ್ರೂ ಲಿಪಿಯಲ್ಲಿ ‘ಮಝಲ್ ತೋವ್’ ಎಂಬ ಹಾರೈಕೆ. ಹರಳಿಲ್ಲ; ಏಕೆಂದರೆ ಯೆಹೂದಿ ಸಂಪ್ರದಾಯದಲ್ಲಿ ಮದುವೆಯುಂಗುರದ ಬೆಲೆ ನೋಡಿದೊಡನೆ ತಿಳಿಯುವಂತಿರಬೇಕು, ಹರಳು ಕೂರಿಸಿದರೆ ಅದು ತಿಳಿಯದು. ಇಂಥ ಉಂಗುರ ತೊಟ್ಟು ದಿನನಿತ್ಯದ ಕೆಲಸ ಮಾಡಲಾಗದು. ಅದು ಧಾರೆಯ ಗಳಿಗೆಗಷ್ಟೇ ವಧುವಿನ ಬೆರಳೇರುತ್ತಿದ್ದ ಒಡವೆ.

ಫ್ರಾನ್ಸಿನ ಕೋಲ್ಮಾರ್‌ನಲ್ಲಿಯೂ 1863ರಲ್ಲಿ ಒಂದು ಮಿಠಾಯಿ ಅಂಗಡಿಯ ಗೋಡೆಯೊಳಗೆ ಅದೇ ಕಾಲದ, ಅಂಥದೇ ಉಂಗುರವಿದ್ದ ನಿಧಿ ಸಿಕ್ಕಿತ್ತು. ಅದು ಹುಟ್ಟಿದೂರು ಬಿಟ್ಟು ಪ್ಯಾರಿಸ್ಸಿನ ಕ್ಲ್ಯೂನಿ ಮ್ಯೂಸಿಯಂ ಸೇರಿತು. ಎರ್ಫುರ್ಟ್‌ನದು ಊರಲ್ಲೇ ಉಳಿದಿರುವುದು ದೊಡ್ಡ ಮಾತೆಂದೇ ನನ್ನೆಣಿಕೆ. ಸಿಕ್ಕ ಜಾಗದ ಹತ್ತಿರವೇ ಇದ್ದ ಹಳೆಯ ಸಿನಗಾಗ್ (ಯೆಹೂದಿ ಪ್ರಾರ್ಥನಾಮಂದಿರ) ಅದಕ್ಕೆ ನೆಲೆಯಾಯಿತು.

ಆ ಕಟ್ಟಡದ ಕಥೆಯೂ ಸಣ್ಣದಲ್ಲ. ಅದರ ಅತಿ ಹಳೆಯ ಭಾಗ ಸುಮಾರು 1094ರದು. ಹತ್ಯಾಕಾಂಡದ ನಂತರ ಅದನ್ನು ಉಗ್ರಾಣ ಮಾಡಿಕೊಂಡರು, ಕೆಳಗೆ ನೆಲಮಾಳಿಗೆ ಕಟ್ಟಿದರು. ಮುಂದೆ ಹೋಟೆಲಾಯಿತು, ನೃತ್ಯಶಾಲೆಯಾಯಿತು. ಪ್ರಾರ್ಥನಾಮಂದಿರವೆಂಬುದು ಜನರಿಗೆ ಮರೆತೇ ಹೋಯಿತು; ನಾಜಿಗಳ ಕಣ್ಣಿಗೂ ಬೀಳದೆ ಉಳಿದದ್ದು ಹಾಗೆ. ಕಳೆದ ಶತಮಾನದ ಕೊನೆಗೆ ಅದರ ಗುರುತು ಹತ್ತಿತು, 2009ರಲ್ಲಿ ಮ್ಯೂಸಿಯಂ ತೆರೆಯಿತು. ಕೊಲೆಯಾದವರ ಸಿನಗಾಗಿನಡಿ ಕಟ್ಟಿದ್ದ ಅದೇ ನೆಲಮಾಳಿಗೆಯಲ್ಲಿ ಈಗ ಅವರ ಒಡವೆಗಳಿವೆ. 2007ರಲ್ಲಿ ಸಮೀಪದಲ್ಲೇ ಅವರು ಮಿಂದು ಶುದ್ಧಿಯಾಗುತ್ತಿದ್ದ ಕೊಳವೂ ಪತ್ತೆಯಾಯಿತು. ಈ ಸಿನಗಾಗ್, ಕೊಳ ಮತ್ತು ಒಂದು ಹಳೆಯ ಕಲ್ಲುಮನೆಯನ್ನು ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.