ಅರ್ಬುದಚಿಕಿತ್ಸೆಯೂ ಪ್ರಕೃತಿಸ್ಥಾಪನವೂ

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಪ್ರಥಮಾಧ್ಯಾಯದಲ್ಲಿ ಭೇಷಜಶಬ್ದಕ್ಕೆ ಪರ್ಯಾಯಗಳನ್ನು ಹೇಳುವಾಗ ‘ವ್ಯಾಧಿಹರ’, ‘ಪ್ರಕೃತಿಸ್ಥಾಪನ’ ಎಂಬೆರಡು ಪದಗಳೂ ಬಂದಿರುತ್ತವೆ. ರೋಗವನ್ನು ಕಳೆಯುವುದೊಂದು, ದೇಹವನ್ನು ಅದರ ಸಹಜಸ್ಥಿತಿಯಲ್ಲಿ ಮರಳಿ ನೆಲೆಗೊಳಿಸುವುದಿನ್ನೊಂದು. ಇವೆರಡೂ ಒಂದೇ ವಸ್ತುವಿನ ನಾಮಗಳಾದುದರಿಂದ, ಮೊದಲನೆಯದು ನಡೆದು ಎರಡನೆಯದು ನಡೆಯದಿದ್ದರೆ ಚಿಕಿತ್ಸೆ ಪೂರ್ಣವಾಯಿತೆನ್ನಲಾಗದು. ಕ್ಯಾನ್ಸರೆಂದು ಪ್ರಸಿದ್ಧವಾದ ರೋಗದ ವಿಷಯದಲ್ಲಿ ಈ ವಿವೇಕವು ಬಹಳ ಅವಶ್ಯವಾದುದು.

ಕ್ಯಾನ್ಸರ್ ಎಂಬುದು ಏಡಿಯೆಂಬರ್ಥದ ಲ್ಯಾಟಿನ್ ಶಬ್ದ. ಗ್ರೀಕರ ‘ಕಾರ್ಕಿನೊಸ್’ ಎಂಬುದಕ್ಕೂ ಅದೇ ಅರ್ಥ. ಗಡ್ಡೆಯ ಸುತ್ತ ಉಬ್ಬಿದ ಸಿರೆಗಳು ಏಡಿಯ ಕಾಲುಗಳಂತೆ ತೋರುವುದರಿಂದ ಈ ಹೆಸರಾಯಿತೆನ್ನುವರು. ಕನ್ನಡದ ‘ಏಡಿಗಂತಿ’ ಅದನ್ನೇ ಅನುಸರಿಸಿದೆ. ಸುಶ್ರುತನು ಹೇಳುವ ‘ಅರ್ಬುದ’ವಾದರೋ ದುಂಡಾಗಿ, ಸ್ಥಿರವಾಗಿ, ಆಳವಾಗಿ ಬೇರೂರಿ, ಮೆಲ್ಲನೆ ಬೆಳೆದು, ಕೀವಾಗದೆ ಉಳಿಯುವ ಮಾಂಸದ ಗಡ್ಡೆ. ಅದರಲ್ಲಿ ಕಿಂಚಿತ್ ಶೇಷವುಳಿದರೂ ಮತ್ತೆ ಬೆಳೆಯುವುದೆಂಬ ಎಚ್ಚರಿಕೆಯೂ ಅಲ್ಲಿದೆ. ಆದರೆ ಅರ್ಬುದವೆಲ್ಲವೂ ಕ್ಯಾನ್ಸರೆಂದಾಗಲಿ, ಕ್ಯಾನ್ಸರೆಲ್ಲವೂ ಅರ್ಬುದವೆಂದಾಗಲಿ ಭಾವಿಸತಕ್ಕದ್ದಲ್ಲ. ರಕ್ತದ ಕ್ಯಾನ್ಸರಿನಲ್ಲಿ ಗಡ್ಡೆಯೇ ಇರದಿರಬಹುದು.

ಈಗಿನ ವ್ಯಾಧಿಹರಣಕ್ರಮಗಳಲ್ಲಿ ಮುಖ್ಯವಾದವು ಮೂರು. ಗಡ್ಡೆಯನ್ನು ಸುತ್ತಲಿನ ಕೊಂಚ ಆರೋಗ್ಯಕರ ಮಾಂಸದೊಡನೆ ತೆಗೆಯುವುದು ಶಸ್ತ್ರಚಿಕಿತ್ಸೆ. ಎಕ್ಸ್‌ರೇ ಮೊದಲಾದ ಪ್ರಬಲಕಿರಣಗಳಿಂದ ರೋಗಕೋಶಗಳನ್ನು ಕೆಡಿಸುವುದು ಕಿರಣಚಿಕಿತ್ಸೆ. ಇದು ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ ಹಲವು ವಾರ ನಡೆಯುವುದು. ರಕ್ತದ ಮೂಲಕ ಸರ್ವಾಂಗಕ್ಕೂ ಔಷಧವನ್ನು ಮುಟ್ಟಿಸುವುದು ಕೀಮೋಥೆರಪಿ; ಇದನ್ನು ನಡುವೆ ವಿರಾಮವಿಟ್ಟು ಸರದಿಯಂತೆ ಕೊಡುವರು. ಇದರಿಂದ ಉದುರಿದ ಕೂದಲು ಸಾಮಾನ್ಯವಾಗಿ ಮರಳಿ ಬರುವುದು. ಆದರೆ ಬಿಳಿ ರಕ್ತಕಣಗಳು ಕುಗ್ಗಿದ ಸಮಯದಲ್ಲಿ ಬಂದ ಜ್ವರವನ್ನು ಅಲಕ್ಷಿಸಿದರೆ ಪ್ರಾಣಾಪಾಯವುಂಟು. ತತ್‌ಕ್ಷಣವೇ ವೈದ್ಯರನ್ನು ಕಾಣತಕ್ಕದ್ದು.

ವಿಜಯಪುರ ಜಿಲ್ಲೆಯಲ್ಲಿ ಭೀಮಾತೀರದ ದೇವಣಗಾಂವದಂಥ ಗ್ರಾಮದವರಿಗೆ ಈ ಚಿಕಿತ್ಸೆಗಳು ಮನೆಯಿಂದ ದೂರದವು. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಅಲ್ಲಿಂದ 500 ಕಿಲೋಮೀಟರಿಗೂ ಮಿಕ್ಕ ದಾರಿ. ಅದರ ಕಲಬುರಗಿಯ ಶಾಖೆ ಸಮೀಪದ್ದು. ಉತ್ತರಕ್ಕೆ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯುಂಟು. ಭಾರತದಲ್ಲಿ ಹಳ್ಳಿಗಳ ಕ್ಯಾನ್ಸರ್ ರೋಗಿಗಳನ್ನು ಲೆಕ್ಕಕ್ಕೆ ತಂದ ಮೊದಲ ನೋಂದಣಿಯು 1987ರಲ್ಲಿ ಆರಂಭವಾದುದು ಅಲ್ಲಿಯೇ. ಕಾರ್ಯಕರ್ತರು ಊರೂರಿಗೆ ಹೋಗಿ ರೋಗಲಕ್ಷಣಗಳನ್ನು ತಿಳಿಯಹೇಳಿದ ಬಳಿಕ, ಗರ್ಭಕಂಠದ ಕ್ಯಾನ್ಸರುಳ್ಳ ಸ್ತ್ರೀಯರು ಮೊದಲಿಗಿಂತ ಬೇಗ, ರೋಗವು ಎಳೆಯದಿರುವಾಗಲೇ ಚಿಕಿತ್ಸೆಗೆ ಬರತೊಡಗಿದರು. ತಿಳಿವಳಿಕೆಯ ಮಾತೂ ಔಷಧದ ಪೂರ್ವಾಂಗವೆಂಬುದು ಇದರಿಂದ ಸಿದ್ಧವಾಗುತ್ತದೆ.

ಪ್ರಕೃತಿಸ್ಥಾಪನವು ರೋಗಿಯು ಊರಿಗೆ ಮರಳಿದ ಮೇಲೆ ಮನೆಯವರ ಕೆಲಸವೂ ಆಗುವುದು. ಬಾಯಿಗೆ ಕಿರಣಚಿಕಿತ್ಸೆಯಾದವನ ಜೊಲ್ಲು ಬತ್ತಿ, ದವಡೆ ಬಿಗಿಯಬಹುದು; ಕಟಕ ರೊಟ್ಟಿಯೂ ಖಾರವೂ ಅವನಿಗೆ ಒಗ್ಗವು. ಶೋಧನಾನಂತರ ಪೇಯ, ವಿಲೇಪಿಗಳಿಂದ ತೊಡಗಿ ನಿತ್ಯಾಹಾರಕ್ಕೆ ಕ್ರಮವಾಗಿ ಬರುವ ಪ್ರಾಚೀನರ ಸಂಸರ್ಜನಕ್ರಮವು ಇಲ್ಲಿ ಒಳ್ಳೆಯ ದೃಷ್ಟಾಂತ. ಗಂಜಿ, ಮೆತ್ತಗೆ ಬೆಂದ ಜೋಳದ ನುಚ್ಚು, ತೊವ್ವೆಗಳು ಹಿತವಾದವು. ಬಾಯಿ ತೆರೆಯುವ ವ್ಯಾಯಾಮವನ್ನು ಬಿಡಬಾರದು, ತಂಬಾಕನ್ನು ಬಿಡಲೇಬೇಕು. ಸ್ತನಶಸ್ತ್ರಚಿಕಿತ್ಸೆಯಾದವಳು ತೋಳನ್ನು ವೈದ್ಯರು ಹೇಳಿದಂತೆ ಮೆಲ್ಲನೆ ಆಡಿಸುತ್ತಿರಬೇಕು. ತೋಳು ಬಾತರೆ ತಡಮಾಡದೆ ತೋರಿಸಬೇಕು. ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವನಿಗೂ ಮಾತು ಮರಳುವ ಉಪಾಯಗಳಿವೆ. ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ ರಾವ್ ಅವರು ಸುಮಾರು 50 ರೂಪಾಯಿಯ ಪುಟ್ಟ ಧ್ವನಿಸಾಧನವನ್ನು ರೂಪಿಸಿ ಅದಕ್ಕೆ ‘ಓಂ’ ಎಂದೇ ಹೆಸರಿಟ್ಟಿರುತ್ತಾರೆ. ಈ ರೋಗವು ರೋಗಿಯ ಸ್ಪರ್ಶದಿಂದಾಗಲಿ, ತಾಟು ತಂಬಿಗೆಗಳಿಂದಾಗಲಿ ಅಂಟುವುದಿಲ್ಲ. ಆದುದರಿಂದ ಅವನನ್ನು ಪಂಕ್ತಿಯಿಂದ ಬೇರೆ ಕೂಡಿಸುವುದು ನಿಷ್ಕಾರಣವಾದ ಕ್ರೌರ್ಯ.

ರೋಗವು ಸಂಪೂರ್ಣ ನಿವಾರಣೆಯಾಗದವರ ವಿಷಯದಲ್ಲಿಯೂ ಕರ್ತವ್ಯವು ಮುಗಿಯುವುದಿಲ್ಲ. ಸಾಧ್ಯಾಸಾಧ್ಯಗಳ ನಡುವೆ ಪೂರ್ವಾಚಾರ್ಯರು ‘ಯಾಪ್ಯ’ವೆಂಬ ವರ್ಗವನ್ನಿಟ್ಟಿರುವರು, ಅಂದರೆ ಚಿಕಿತ್ಸೆಯ ಬಲದಿಂದ ಕಾಲ ಸಾಗಿಸಬಹುದಾದ ರೋಗ. ಅಂಥವರಿಗೂ, ಅಸಾಧ್ಯಾವಸ್ಥೆಗೆ ಮುಟ್ಟಿದವರಿಗೂ ನೋವು ಶಮನಮಾಡುವುದು ಚಿಕಿತ್ಸೆಯೇ ಹೊರತು ಕೈಬಿಟ್ಟುದರ ಲಕ್ಷಣವಲ್ಲ.

ಕೊನೆಯದಾಗಿ ಒಂದು ಶಬ್ದವಿಚಾರ. ಈ ಉತ್ತರಕ್ರಿಯೆಯನ್ನು ಈಗ ‘ಪುನರ್ವಸತಿ’ಯೆಂದು ಕರೆಯುವ ರೂಢಿಯಿದೆ. ಆದರೆ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆಯಲ್ಲಿ ಪುನರ್ವಸತಿಯೆಂದರೆ ಆಲಮಟ್ಟಿಯ ಹಿನ್ನೀರಿನಿಂದ ನೆಲೆತಪ್ಪಿದವರಿಗೆ ಕೊಟ್ಟ ಹೊಸ ಊರು. ರೋಗಿಯಾದರೋ ತನ್ನ ಮನೆಗೇ ಮರಳುವವನು. ಅವನಿಗೆ ಬೇಕಾದುದು ಬೇರೆ ವಸತಿಯಲ್ಲ, ತನ್ನ ಅನ್ನ, ಮಾತು, ಕೆಲಸಗಳಲ್ಲಿ ಮರಳಿ ನೆಲೆ. ಆ ಅರ್ಥವನ್ನು ‘ಪ್ರಕೃತಿಸ್ಥಾಪನ’ವು ಯಥಾವತ್ತಾಗಿ ಸೂಚಿಸುವುದು. ಅದು ಚಿಕಿತ್ಸೆಯದೇ ಇನ್ನೊಂದು ಹೆಸರೆಂಬುದನ್ನು ಉಪಾಧ್ಯಾಯರು ತಿಳಿಯಹೇಳಿದರೆ, ಆಸ್ಪತ್ರೆಯಿಂದ ಬಂದವನ ಆರೈಕೆಯನ್ನು ಅರ್ಧದಲ್ಲಿ ನಿಲ್ಲಿಸುವ ತಪ್ಪು ಕಡಿಮೆಯಾದೀತು.